ಕಾಲುವೆ ಬದಿಯ ಗೋಲಿನ ಗೆರೆ

ಸ್ಕಾರ್‌ವಿಕ್,
ಏಪ್ರಿಲ್ 29, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಹೆದರ್,

ನಿನ್ನೆ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ, ನಿನಗೆ ಬೇಜಾರಾಗಿರಬೇಕು. "ಕ್ಲಬ್ಬು ಉಳೀತಲ್ಲಮ್ಮ, ಊರಿಗೆ ಊರೇ ಕುಣೀತಿರುತ್ತೆ, ನೀನ್ಯಾಕೆ ಇಷ್ಟು ಸಪ್ಪಗಿದ್ದೀಯ?" ಅಂದೆ. ಏನಂತ ಹೇಳಲಿ? ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದ. ಈಗ ಊಟ ಮುಗಿಸಿ ಕುರ್ಚಿಯಲ್ಲೇ ಗೊರಕೆ ಹೊಡೀತಿದ್ದಾನೆ, ನಾನು ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡು ಬರೀತಿದ್ದೀನಿ.

ಬರೋ ಶನಿವಾರ ರಸೆಲ್‌ನನ್ನು ನಿನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂದೆಯಲ್ಲ, ಬಾ. "ಈ ವರ್ಷ ಉಳೀತು, ಬರೋ ವರ್ಷ ಯಾರು ಕಂಡೋರು, ನನ್ನ ತಮ್ಮ ಯಾವುದೋ ಗೋದಾಮಿನ ಕಾಂಕ್ರೀಟಿನ ಅಡಿಗೆ ಹೋಗೋದು ಬೇಡ" ಅಂದೆ. ನಿನ್ನ ಮಾತಿನಲ್ಲಿ ತಪ್ಪಿಲ್ಲ. ಆದರೆ ಗುದ್ದಲಿ ತರಬೇಡ. ಅವನು ಕಾಲುವೆ ಬದಿಯ ಗೋಲಿನ ಹಿಂದೆ ಹುಲ್ಲಿನ ಕೆಳಗಿಲ್ಲ. ಯಾವತ್ತೂ ಇರಲಿಲ್ಲ. ನಮ್ಮ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಒಂದು ಹಳೇ ಬಣ್ಣದ ಡಬ್ಬಿಯಿದೆ, ಅದರ ಮೇಲೆ ಅವನ ಹೆಸರಿದೆ. ಗಾಬರಿ ಬೀಳಬೇಡ, ಮೊದಲಿಂದ ಹೇಳ್ತೀನಿ.

ಕ್ಲಬ್ಬಿನ ಕಥೆ ನಿನಗೆ ಪೇಪರಿನಲ್ಲಿ ಬಂದಷ್ಟು ಗೊತ್ತು. ಹೆಲಿಕಾಪ್ಟರಿನಲ್ಲಿ ಬಂದಿಳಿದು ಬಡಾಯಿ ಕೊಚ್ಚಿದ ಆ ಯಜಮಾನ ಕ್ರಿಸ್‌ಮಸ್ಸಿಗೆ ಮುಂಚೆಯೇ ಪರಾರಿ. ಆಮೇಲೆ ಕೋರ್ಟಿನಿಂದ ಫಾರ್ಲಿ ಅನ್ನೋ ಆಡಳಿತಾಧಿಕಾರಿ ಬಂದ. ಕ್ಲಬ್ಬು ದಿವಾಳಿ ಆಡಳಿತಕ್ಕೆ ಹೋಯಿತು ಅಂತ ಲೀಗಿನವರು ಹನ್ನೆರಡು ಅಂಕ ಕಿತ್ತುಕೊಂಡರು, ನಾವು ತಳಕ್ಕೆ ಬಿದ್ದೆವು. ಫಾರ್ಲಿ ಕೆಟ್ಟವನಲ್ಲ ಬಿಡು, ನಾನು ಚಹಾ ಕೊಟ್ಟಾಗಲೆಲ್ಲ ಎದ್ದು ನಿಂತು ತಗೋತಾನೆ. ಆದರೆ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಮೊದಲನೇ ವಾರ ಕಾರ್ನರ್ ಬಾವುಟಗಳನ್ನ ನೋಡಿ "ಇವನ್ನ ಮಾರಿದರೆ ಏನಾದರೂ ಹುಟ್ಟುತ್ತಾ?" ಅಂತ ಕೇಳಿದ.

ಮತ್ತೆ ಆ ನಿಯಮ ಒಂದಿದೆಯಲ್ಲ, ಅದನ್ನ ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಕ್ಲಬ್ಬು ಲೀಗಿನಲ್ಲಿ ಉಳೀಬೇಕಾದರೆ ಆಟಗಾರರ ಸಂಬಳ, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ್ದು ಪೂರ್ತಿ ಕೊಡಲೇಬೇಕು. ಫುಟ್‌ಬಾಲಿನವರದು ಮೊದಲನೇ ಪಂಕ್ತಿ. ಬಟ್ಟೆ ಒಗೆಯೋರು, ಬಸ್ಸಿನವರು, ಆಂಬುಲೆನ್ಸಿನವರು, ಇವರಿಗೆಲ್ಲ ಪಾತ್ರೆ ತಳ ಕೆರೆದು ಬಂದದ್ದು, ಪೌಂಡಿಗೆ ಎರಡು ಪೆನ್ನಿ. ಪೈ ಅಂಗಡಿಯ ಕೆನ್ ಸಗ್ಡನ್ ನನ್ನ ಚಹಾ ಗೂಡಿನ ಮುಂದೆ ನಿಂತು ಇಡೀ ಊರಿಗೆ ಕೇಳೋ ಹಾಗೆ ಕೂಗಾಡಿದ: "ಆ ಸೆಂಟರ್ ಫಾರ್ವರ್ಡ್‌ಗೆ ಪೂರ್ತಿ ಸಂಬಳವಂತೆ, ಅವನು ತಿಂದ ನನ್ನ ಪೈಗೆ ಪುಡಿಗಾಸಂತೆ! ಈ ವರ್ಷ ಅವನು ಒಳಗೆ ಹಾಕಿದ್ದೆಲ್ಲ ನನ್ನ ಪೈನೇ, ಗೋಲು ಎಲ್ಲಿ ಹಾಕಿದ?" ನಾನು ನಕ್ಕೆ. ಕೆನ್ ನಗಲಿಲ್ಲ, ಪಾಪ.

ನಿನ್ನೆಯ ಆಟ ಕೊನೇದು. ಸೋಲದೆ ಇದ್ದರೆ ಕೆಳಗಿನ ದರ್ಜೆಗೆ ಬೀಳಲ್ಲ, ನಮ್ಮ ದರ್ಜೆ ಉಳಿಯುತ್ತೆ. ದರ್ಜೆ ಉಳಿದರೆ ಮಾತ್ರ ನಮ್ಮ ಅಭಿಮಾನಿಗಳ ಸಂಘ ಕ್ಲಬ್ಬು ಕೊಳ್ಳುತ್ತೆ, ಇಲ್ಲದಿದ್ದರೆ ಫಾರ್ಲಿ ಮೈದಾನವನ್ನ ಗೋದಾಮಿನವರಿಗೆ ಮಾರುತ್ತಾನೆ. ಹಾಗೇನಾದರೂ ಆದರೆ ಅಂತ ಅವನು ಗೇಟಿನ ಮೇಲೆ ಒಂದು ನೋಟೀಸು ಹಚ್ಚಿದ್ದ. ಮೈದಾನದಲ್ಲಿ ಯಾರ್‍ಯಾರ ಚಿತಾಭಸ್ಮ ಹೂತಿದ್ದಾರೋ ಆ ಮನೆಯವರು ಬಂದು ಅಗೆದು ತಗೊಂಡು ಹೋಗಬಹುದು ಅಂತ. ಒಳ್ಳೇ ಮನಸ್ಸಿನಿಂದಲೇ ಹಚ್ಚಿದ್ದು. ಅದನ್ನ ಓದಿದ ದಿನದಿಂದ ನಿಮ್ಮಪ್ಪ ಊಟ ಬಿಟ್ಟ. ಮಗನನ್ನ ಅಗೆಯಬೇಕಲ್ಲ ಅನ್ನೋ ಸಂಕಟ ಅಂತ ನಾನು ತಿಳಿದೆ. ನನ್ನ ತಲೆ!

ಇದರ ಮೇಲೆ ಮಳೆ. ಗುರುವಾರದಿಂದ ಸುರಿದದ್ದಕ್ಕೆ ಮೈದಾನದ ಗೆರೆಗಳೆಲ್ಲ ತೊಳೆದು ಹೋದವು. ಮೈದಾನ ನೋಡಿಕೊಳ್ಳೋ ಕೆಲಸ ನಿಮ್ಮಪ್ಪನದಲ್ಲವಾ, ಸುಣ್ಣದ ಪುಡಿ ತರಿಸಬೇಕು ಅಂತ ಫಾರ್ಲಿ ಹತ್ತಿರ ಹೋದರೆ, "ಹೋದ ವಾರ ಎಳೆದಿದ್ದೀರಲ್ಲ, ಮತ್ತೆ ಯಾಕೆ ಖರ್ಚು?" ಅಂದನಂತೆ. ಹೇಗೋ ಒಪ್ಪಿಸಿ ಪುಡಿಯವನಿಗೆ ಫೋನ್ ಮಾಡಿದರೆ ಅವನು, "ಹಳೇದಕ್ಕೆ ಎರಡು ಪೆನ್ನಿ ಕೊಡೋ ಜನ ನೀವು. ಈಗ ದುಡ್ಡು ಮುಂದಿಟ್ಟರೂ ಒಂದು ಚಮಚ ಪುಡಿ ಕೊಡಲ್ಲ, ನಿಮ್ಮ ಆಟಗಾರರು ಮೊದಲನೇ ಪಂಕ್ತಿಯವರಲ್ವಾ, ಅವರನ್ನೇ ಉದ್ದಕ್ಕೆ ಮಲಗಿಸಿ ಗೆರೆ ಮಾಡ್ಕೊಳ್ಳಿ" ಅಂತ ಇಟ್ಟುಬಿಟ್ಟ. ಕ್ರಿಕೆಟ್ ಕ್ಲಬ್ಬಿನವರು ಅರ್ಧ ಮೂಟೆ ಕೊಟ್ಟರು, ಅದು ಒಂದು ಪಕ್ಕಕ್ಕೂ ಸಾಲದು. ಗೆರೆ ಇಲ್ಲದಿದ್ದರೆ ರೆಫರಿ ಆಟ ಆಡಿಸೋ ಹಾಗಿಲ್ಲ. ಆಟ ನಡೆಯದಿದ್ದರೆ ನಮ್ಮನ್ನ ಲೀಗಿನಿಂದಲೇ ಹೊರಗೆ ಹಾಕ್ತಾರೆ.

ನಿನ್ನೆ ಬೆಳಗ್ಗೆ ನಾನು ಬೇಕನ್ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋದಾಗ ಕಾಲುವೆಯಿಂದ ಮಂಜು ಎದ್ದು ಮೈದಾನ ತುಂಬಿತ್ತು. ನಿಮ್ಮಪ್ಪ ಮಧ್ಯದ ವೃತ್ತದಲ್ಲಿ ಮೈದಾ ಹಿಟ್ಟು ಸುರಿದು ನೋಡಿದ್ದನಂತೆ, ಕಡಲಹಕ್ಕಿಗಳು ಇಳಿದು ತಿನ್ನುತ್ತಿದ್ದವು. ಅವನು ರೋಲರ್ ಶೆಡ್ಡಿನಲ್ಲಿ ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕೂತಿದ್ದ. ಹಿಂದಿನ ಹಲಗೆಗೆ ಯಾವಾಗಲೂ ಒಂದು ಟಾರ್ಪಾಲು ಇಳಿಬಿಟ್ಟಿರುತ್ತಿತ್ತಲ್ಲ, ಅದನ್ನ ತೆಗೆದಿದ್ದ. ಅಲ್ಲಿ ಸಾಲಾಗಿ ಬಣ್ಣದ ಡಬ್ಬಿಗಳು. ಒಂದೊಂದರ ಮೇಲೂ ಬ್ರಷ್ಷಿನಲ್ಲಿ ಬರೆದ ಹೆಸರು. ಕೆನ್ ಸಗ್ಡನ್‌ನ ಅಪ್ಪ. ಗಿರಣಿಯ ಮಿಸೆಸ್ ಹೋಲ್ರಾಯ್ಡ್. ಜನರನ್ನ ಒಳಗೆ ಬಿಡೋ ತಿರುಗು ಗೇಟು ಕಾಯುತ್ತಿದ್ದ ಆರ್ನಲ್ಡ್.

"ಇದೇನಿದು?" ಅಂದೆ.

"ಬೂದಿ ಹಾಕಿದರೆ ಹುಲ್ಲು ಸಾಯುತ್ತೆ ಕಣೆ ಮೇವಿಸ್," ಅಂದ. ಮೊದಮೊದಲು ನಿಜವಾಗಿಯೂ ಹೂತನಂತೆ, ಗೋಲಿನ ಮುಂದೆಲ್ಲ ಬೋಳು ಬಿದ್ದು, ಆಗಿನ ಮ್ಯಾನೇಜರು ಕೆಲಸದಿಂದ ತೆಗೀತೀನಿ ಅಂದನಂತೆ. ಮನೆಯವರಿಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಅವರ ಮುಂದೆ ಒಂದು ಹಿಡಿ ಹಾಕಿ ಪ್ರಾರ್ಥನೆ ಮುಗಿಸಿ, ಉಳಿದದ್ದನ್ನ ತಂದು ಡಬ್ಬಿಯಲ್ಲಿ ಇಡ್ತಿದ್ದ. ಈಗ ಅವರೆಲ್ಲ ಗುದ್ದಲಿ ಹಿಡಿದು ಬಂದು ಅಗೆದರೆ ಏನು ಸಿಗುತ್ತೆ? ಹುಳ.

ಆಗ ನನಗೆ ರಸೆಲ್ ಹೆಸರಿನ ಡಬ್ಬಿ ಕಂಡಿತು. ಬಾಗಿಲ ಹತ್ತಿರವೇ ಇತ್ತು.

ಹೆದರ್, ನಿನ್ನೆಯಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ. ಆ ಬೈಕು ಅವನನ್ನ ತಿಂದ ವರ್ಷದಿಂದ ಪ್ರತಿ ಶನಿವಾರ ಆ ಗೋಲಿನ ಹಿಂದಿನ ಕಂಬಿ ಹಿಡಿದು ನಿಂತು ಅವನ ಜೊತೆ ಮಾತಾಡಿದ್ದೀನಿ. ನಿನ್ನ ಮದುವೆ ಗೊತ್ತಾದದ್ದನ್ನ ಮೊದಲು ಅವನಿಗೇ ಹೇಳಿದ್ದು. "ನಾನು ಹುಲ್ಲಿನ ಜೊತೆ ಹರಟೆ ಹೊಡೀತಿದ್ದೆನಾ? ನೀನು ನಿಂತು ನೋಡ್ತಿದ್ದೆಯಾ? ಥೂ ನಿನ್ನ ಮುಖಕ್ಕೆ!" ಅಂದೆ. ಅವನು ಅಳೋಕೆ ಶುರು ಮಾಡಿದ. "ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಅವನಿಗೆ ಗುಡ್ ಮಾರ್ನಿಂಗ್ ಹೇಳ್ತಿದ್ದೆ, ಒಬ್ಬನೇ ಇಲ್ಲ ಅನ್ನಿಸ್ತಿತ್ತು. ನಿನಗೆ ಹೇಳಿದರೆ ಮನೆಗೆ ತಗೊಂಡು ಹೋಗ್ತೀಯ ಅಂತ ಹೆದರಿಕೆ," ಅಂದ. ಅದು ನಿಜ, ತಗೊಂಡೇ ಹೋಗ್ತಿದ್ದೆ.

ಗೆರೆ ಎಳೆಯೋ ಬಂಡಿ ಅಲ್ಲೇ ಖಾಲಿ ನಿಂತಿತ್ತು. ಇಬ್ಬರೂ ಅದನ್ನ ನೋಡಿದೆವು. ಯಾರು ಮೊದಲು ಬಾಯಿ ಬಿಟ್ಟರೋ ನೆನಪಿಲ್ಲ. "ಅವರು ಮೈದಾನದಲ್ಲಿ ಇರಬೇಕು ಅಂತಲೇ ಬಂದವರು," ಅಂದದ್ದು ಮಾತ್ರ ನಿಮ್ಮಪ್ಪ. ಕ್ರಿಕೆಟ್ಟಿನವರ ಪುಡಿಯಲ್ಲಿ ಕಲಸಿ, ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಹೇಳಿ, "ಬಾರಪ್ಪ ಆರ್ನಲ್ಡ್," "ಬಾಮ್ಮ ಹೋಲ್ರಾಯ್ಡ್," ಅಂತ ಕರೆದು ಬಂಡಿಗೆ ಸುರಿದ. ರಸೆಲ್‌ನ ಡಬ್ಬಿ ಮಾತ್ರ ನನ್ನ ಕೈಗೆ ಕೊಟ್ಟು, "ಇವನನ್ನ ಚೀಲದಲ್ಲಿಟ್ಟುಕೋ, ಮನೆಗೆ ಕರ್ಕೊಂಡು ಹೋಗು, ನಾನು ಸೋತೆ," ಅಂದ. ಇಟ್ಟುಕೊಂಡೆ. ಕೊನೆಯ ಗೆರೆಗೆ ಪುಡಿ ಸಾಲುತ್ತೋ ಇಲ್ಲವೋ ಅಂತಿತ್ತು, ಹೇಗೋ ಸಾಲಿತು.

ರೆಫರಿ ಬಂದು ನೋಡಿ, "ಇಷ್ಟು ಚೊಕ್ಕ ಗೆರೆ ಈ ವರ್ಷ ಎಲ್ಲೂ ನೋಡಿಲ್ಲ," ಅಂದ. ಅಷ್ಟು ಹೊತ್ತು ಇದ್ದ ಕಡಲಹಕ್ಕಿಗಳು ಒಂದೂ ಇರಲಿಲ್ಲ. ಮಂಜು ಗೆರೆಯವರೆಗೆ ಬಂದು ನಿಂತಿತ್ತು ಹೆದರ್, ಒಳಗೆ ಬರಲಿಲ್ಲ. ಪೊಲೀಸಿನವರ ನಾಯಿ ಪಕ್ಕದ ಗೆರೆಯ ಹತ್ತಿರ ಹೋಗಿ ಕೂತುಬಿಟ್ಟಿತು, ಎಷ್ಟು ಎಳೆದರೂ ದಾಟಲಿಲ್ಲ. ಕಾಲುವೆ ಬದಿಯ ಮೆಟ್ಟಿಲುಗಳಲ್ಲಿ ಜನ ಕಡಿಮೆಯೇ ಇದ್ದರು, ಆದರೂ ಎಲ್ಲರೂ ಒತ್ತಿಕೊಂಡು ನಿಂತಿದ್ದರು. ಕೆನ್ ಸಗ್ಡನ್, "ಹಿಂದಿಂದ ತಳ್ಳಬೇಡ್ರೋ, ಪೈ ಚೆಲ್ಲುತ್ತೆ!" ಅಂತ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಚಹಾ ಸೋಸೋ ಹಾಗೆ ಮಾಡಿದೆ.

ಮೊದಲನೇ ಅರ್ಧದಲ್ಲಿ ನಮ್ಮವರು ಕಾಲುವೆ ಬದಿಯ ಗೋಲಿಗೆ ಹೊಡೀತಿದ್ದರು. ಅಪರೂಪಕ್ಕೆ ನಮ್ಮ ಸೆಂಟರ್ ಫಾರ್ವರ್ಡ್ ಸರಿಯಾಗಿ ಹೊಡೆದ. ಗೋಲ್‌ಕೀಪರ್ ಬಿದ್ದಿದ್ದ, ಗೋಲು ಖಾಲಿ. ಚೆಂಡು ಉರುಳಿಕೊಂಡು ಹೋಗಿ ಗೆರೆಯ ಮೇಲೆ ನಿಂತುಬಿಟ್ಟಿತು. ಜನ ತಲೆ ಚಚ್ಚಿಕೊಂಡರು, ಕೆಸರು ಕೆಸರು ಅಂದರು. ಅಲ್ಲಿ ಕೆಸರಿರಲಿಲ್ಲ. ಎರಡನೇ ಅರ್ಧಕ್ಕೆ ಆ ಗೋಲು ನಮ್ಮದಾಯಿತು. ಎದುರಿನವರು ಮುಗಿಬಿದ್ದರು. ಮತ್ತೆ ಹಾಗೇ ಆಯಿತು. ತಲೆಯಿಂದ ಹೊಡೆದದ್ದು ನೆಲಕ್ಕೆ ಪುಟಿದು ಒಳಗೆ ಹೋಗಬೇಕಿತ್ತು, ಯಾರೋ ಎದೆಗೆ ಅಪ್ಪಿಕೊಂಡ ಹಾಗೆ ಅಲ್ಲೇ ಕೂತಿತು.

ಮುಗಿಯೋಕೆ ಸ್ವಲ್ಪ ಮುಂಚೆ ಅವರಿಗೆ ಪೆನಾಲ್ಟಿ ಸಿಕ್ಕಿತು. ನಿಮ್ಮಪ್ಪ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ. ನಮ್ಮ ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. ಆಗ ಕೇಳಿಸಿತು. "ಬಿಡ್ರೋ, ನಂದು!"

ಅವನು ಹಾಗೆ ಕೂಗ್ತಿದ್ದದ್ದು ನಿನಗೆ ನೆನಪಿದೆ ತಾನೆ? ಗೋಲು ಕಾಯುವಾಗಲೂ ಅದೇ, ಭಾನುವಾರದ ಊಟದಲ್ಲಿ ಕೊನೇ ಆಲೂಗಡ್ಡೆಗೂ ಅದೇ. ಚೆಂಡು ಗೆರೆಯ ಮೇಲೆ ನಿಂತು ಬುಗುರಿಯಂತೆ ಸುತ್ತಿತು. ಅದನ್ನ ಒಳಗೆ ತಳ್ಳಬೇಕಾಗಿದ್ದ ಅವರ ಹುಡುಗ ಓಡಿ ಬಂದವನು ಕಾಲು ಎಳೆದುಕೊಂಡು ದಾರಿ ಬಿಟ್ಟ. ಆಟ ಮುಗಿದ ಮೇಲೆ ಅವನ ಕೋಚು ಬಯ್ಯುವಾಗ ನಾನೇ ಕೇಳಿಸಿಕೊಂಡೆ, "ಕೀಪರ್ ನಂದು ಅಂತ ಕೂಗಿದ್ನಲ್ಲ ಸಾರ್, ಅದಕ್ಕೇ ಬಿಟ್ಟೆ," ಅಂತಿದ್ದ. ನಮ್ಮ ಗೋಲ್‌ಕೀಪರ್ ತಾನು ಬಾಯೇ ಬಿಡಲಿಲ್ಲ ಅಂತ ಆಣೆ ಮಾಡಿದ. ಸೊನ್ನೆ–ಸೊನ್ನೆ. ಸಂಘದವರು ಅಲ್ಲೇ ಸಹಿ ಹಾಕಿದರು, ಫಾರ್ಲಿ ಗೇಟಿನ ನೋಟೀಸು ತೆಗೆದ, ಯಾರೂ ಅಗೆಯೋಕೆ ಬರೋದಿಲ್ಲ. ನಿಮ್ಮಪ್ಪನ ಮಾನ ಉಳೀತು.

ಅವನಿಗೆ ಅರ್ಥವಾಗದೆ ಇರೋದು ಒಂದೇ. "ರಸೆಲ್ ನಿನ್ನ ಚೀಲದಲ್ಲಿದ್ದನಲ್ಲ ಮೇವಿಸ್, ಮತ್ತೆ ಅಲ್ಲಿ ಯಾರು ಕೂಗಿದ್ದು?" ಅಂತ ರಾತ್ರಿಯಿಂದ ಕೇಳ್ತಿದ್ದಾನೆ. ನನಗೇನು ಗೊತ್ತು ಅಂದೆ. ಇವತ್ತು ಬೆಳಗ್ಗೆ ಎದ್ದವನೇ ಡಬ್ಬಿಯ ಮುಂದೆ ನಿಂತು ಗುಡ್ ಮಾರ್ನಿಂಗ್ ಹೇಳಿದ. ಶನಿವಾರ ನಿನ್ನ ಕೈಗೆ ತಾನೇ ಒಪ್ಪಿಸಬೇಕಂತೆ, ಹೊಸ ಟೈ ಹುಡುಕಿಡು ಅಂದಿದ್ದಾನೆ.

ದಾರಿಯಲ್ಲಿ ಹುಷಾರು. ಮಕ್ಕಳಿಗೆ ನನ್ನ ಮುತ್ತು ಕೊಡು.

ನಿನ್ನನ್ನೇ ನೆನೆಸಿಕೊಂಡಿರುವ
ಅಮ್ಮ

ಮರೆತ ಮಾತು: ಪುಡಿ ಸಾಲಲಿಲ್ಲ ಹೆದರ್. ಕಾಲುವೆ ಬದಿಯ ಗೋಲಿನ ಗೆರೆಯೊಂದು ಬಾಕಿಯಿತ್ತು, ರೆಫರಿ ಗೇಟಿಗೆ ಬಂದಾಗಿತ್ತು, ನಿಮ್ಮಪ್ಪ ಅವನನ್ನ ಮಾತಿನಲ್ಲಿ ಹಿಡಿದಿಡೋಕೆ ಹೋಗಿದ್ದ. ನಾನು ಚೀಲ ಬಿಚ್ಚಿದೆ. ಬಂಡಿ ಬೇಕಾಗಲಿಲ್ಲ, ಮೊಣಕಾಲೂರಿ ಕೈಯಿಂದಲೇ ಎಳೆದೆ, ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ. ಇವತ್ತು ಬೆಳಗ್ಗೆ ಚರ್ಚಿಗೆ ಅಂತ ಹೇಳಿ ಮೈದಾನಕ್ಕೆ ಹೋಗಿದ್ದೆ. ರಾತ್ರಿಯ ಮಳೆಗೆ ಬೇರೆ ಎಲ್ಲ ಗೆರೆಗಳೂ ಹೋಗಿವೆ, ಅದೊಂದು ಹಾಗೇ ಇದೆ. ಹಲಗೆಯ ಮೇಲಿನ ಡಬ್ಬಿಯಲ್ಲಿರೋದು ನಮ್ಮ ಬೆಂಕಿಗೂಡಿನ ಬೂದಿ. ನಿಮ್ಮಪ್ಪನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಅವನು ಕೊಟ್ಟಾಗ ಎರಡೂ ಕೈಯಲ್ಲಿ ತಗೋ. ಅಳು ಬಂದರೆ ಅವನ ಮುಂದೆಯೇ ಅತ್ತುಬಿಡು, ಅದೇನೂ ಸುಳ್ಳು ಅಳು ಆಗೋದಿಲ್ಲ.