ಭಾವನ ಸರಾಸರಿ ಗಾಳಿ

ಭಾವ,
ಹತ್ತು ವರ್ಷದ ಗಾಳಿಯ ಲೆಕ್ಕ ತೆಗೆದು ನನ್ನ ಕಡಲತೀರದ ರಜೆಗೆ ಈ ತಿಂಗಳನ್ನೇ ಆರಿಸಿಕೊಟ್ಟಿರಿ. ನಿಮ್ಮ ಸರಾಸರಿ ಗಾಳಿ ಇಲ್ಲಿ ಒಂದು ದಿನವೂ ಬೀಸಲಿಲ್ಲ. ಒಂದು ದಿನ ಎಲೆ ಅಲ್ಲಾಡುವುದಿಲ್ಲ. ಮರುದಿನ ಹೋಟೆಲಿನ ಕುರ್ಚಿಗಳೇ ಈಜಲು ಹೋಗುತ್ತವೆ. ಹಲಗೆಯ ಮೇಲೆ ನಿಂತ ನನ್ನನ್ನು ಅಲೆಯ ಮೇಲೆ ಎಳೆದೊಯ್ಯಬೇಕಾದ, ಗಾಳಿ ತುಂಬಿ ಉಬ್ಬಿಸುವ ದೊಡ್ಡ ಗಾಳಿಪಟಕ್ಕೆ ದಿನಾ ಪಂಪು ಹೊಡೆದು ರಟ್ಟೆ ಬಿದ್ದುಹೋಗಿದೆ.

"ಯಾರ್ರೀ ಈಗ ಬನ್ನಿ ಅಂದಿದ್ದು?" ಎಂದು ಆಟ ಕಲಿಸುವವನು ಕೇಳಿದ.

"ನಮ್ಮ ಭಾವ, ಗಣಿತದ ಮೇಷ್ಟ್ರು."

"ಹಾಗಾದ್ರೆ ಎರಡು ದಿನದ ಗಾಳಿ ಕೂಡಿಸಿ, ಎರಡರಿಂದ ಭಾಗಿಸಿ ಆಡಿ" ಎಂದು ಹಲಗೆಯ ಮೇಲೆ ಮಲಗಿಬಿಟ್ಟ.

ಮೂಗಿನ ಚರ್ಮ ಸುಲಿದಿರುವುದು ಬಿಟ್ಟರೆ ಆರಾಮ, ಅಕ್ಕನಿಗೆ ಹೇಳಿ. ರಜೆ ಮುಗಿಯಿತು. ಪಟ ಮಡಚಿ ಬಸ್ಸಿನ ಮೇಲೆ ಕಟ್ಟಿಸಿದ್ದೇ ತಡ, ನಿಮ್ಮ ಸರಾಸರಿ ಗಾಳಿ ಶುರುವಾಗಿದೆ. ಕಾರ್ಡು ಹಾರದಂತೆ ಮೊಣಕೈ ಊರಿ ಬರೆಯುತ್ತಿದ್ದೇನೆ.

ನಿಮ್ಮ ನಾದಿನಿ