ಎಣಿಸದ ಕೂಸು

ಸ್ಯಾನ್ ರಮೋನ್, ಅಮೆರಿಕ
೧೬ ನವೆಂಬರ್ ೨೦೨೪, ಶನಿವಾರ

ತಂಗಿ ಭದ್ರಮ್ಮನಿಗೆ ಅಕ್ಕನ ಆಶೀರ್ವಾದ.

ಚೆನ್ನಾಗಿದ್ದೀನಿ ಅಂತ ಶುರು ಮಾಡಿದರೆ ಸುಳ್ಳಾಗುತ್ತೆ. ಫೋನಿನಲ್ಲಿ ಹೇಳೋಣ ಅಂದರೆ ಹೇಮಶ್ರೀ ಮಗ್ಗುಲಲ್ಲೇ ಇರ್ತಾಳೆ. ಮಗಳ ಕಿವಿಗೆ ಬೀಳಬಾರದ ಮಾತು, ಅದಕ್ಕೇ ಕಾಗದ.

ನಮ್ಮ ಮೊಮ್ಮಗಳು ವಿಭಾ ಸ್ಕೂಲಿನಲ್ಲಿ ಲೆಕ್ಕ ಕೇಳಿದರೆ ಬಾಯಿ ಮುಚ್ಕೊಂಡು ಕೂರ್ತಾಳಂತೆ. ಆರು ವರ್ಷದ ಕೂಸು. ಅವಳನ್ನು ಪರೀಕ್ಷಿಸಲು ಗಿಸೆಲಾ ಅನ್ನೋ ಜರ್ಮನಿ ಹೆಂಗಸನ್ನು ಗೊತ್ತು ಮಾಡಿದ್ದಾರೆ. ಮಕ್ಕಳ ಬುದ್ಧಿ ಅಳೆಯೋದೇ ಅವಳ ಕಸುಬು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಒನಕೆ. ಅವಳಪ್ಪ ಹಳ್ಳಿ ಮೇಷ್ಟ್ರಂತೆ. ಅವರ ದೇಶದಲ್ಲಿ ಹತ್ತು ವರ್ಷಕ್ಕೇ ಮಕ್ಕಳನ್ನು ಜರಡಿ ಹಿಡಿದು ಬೇರೆ ಬೇರೆ ಶಾಲೆಗೆ ಹಾಕ್ತಾರಂತೆ. ಇವಳ ತಮ್ಮನನ್ನು ದಡ್ಡರ ಜೊತೆಗೆ ತಳ್ಳಿದರು. ಅವನಿಗೆ ಕಿವಿ ಕೇಳ್ತಿರಲಿಲ್ಲ ಅಷ್ಟೇ, ಯಾರೂ ನೋಡಿರಲಿಲ್ಲ. ಆ ಸಂಕಟಕ್ಕೇ ಓದಿದಳು, ಪುಸ್ತಕ ಬರೆದಳು, ಇಲ್ಲಿಗೆ ಬಂದು ಮೂವತ್ತು ವರ್ಷ ದುಡಿದಳು. ಬಾಯಿ ಬಿಡದ ಮಗುವಿನ ಹಿಂದೆ ದೊಡ್ಡವರ ತಪ್ಪೊಂದು ಇದ್ದೇ ಇರುತ್ತೆ ಅಂತ ಅವಳ ನಂಬಿಕೆಯಂತೆ.

ಮೊನ್ನೆ ಮನೆಗೆ ಬಂದಳು. ವಿಭಾ ಕೈಲಿ ಮನೆಯವರ ಚಿತ್ರ ಬರೆಸಿ, ಎಷ್ಟು ಜನ ಎಣಿಸು ಅಂದಳು. ಕೂಸು ತುಟಿ ಕಚ್ಚಿತು. ಅಂಗಿ ಗುಂಡಿ ಎಣಿಸು ಅಂದರೂ ಅಷ್ಟೇ. ಸುಮ್ಮನೆ ನನ್ನ ಮುಖ ನೋಡಿತು. ಜರ್ಮನಿಯಮ್ಮನೂ ನನ್ನನ್ನೇ ನೋಡಿದಳು. ಆಮೇಲೆ ಬರೆಯೋಕೆ ಹಿಡಿದವಳು ನಿಲ್ಲಿಸಲೇ ಇಲ್ಲ.

ಮಗುವನ್ನು ಯಾರಾದರೂ ಹೆದರಿಸಿದ್ದೀರಾ ಅಂತ ಕೇಳಿದಳು, ಹೇಮಶ್ರೀ ನನಗೆ ಕನ್ನಡದಲ್ಲಿ ಹೇಳಿದಳು. ಅತ್ತೆ ಬೈದರೆ ನಮ್ಮನೆ ಫ್ರಿಜ್ಜೂ ನಡುಗುತ್ತೆ ಅಂದ ಅಳಿಯ ನವೀನ. ಯಾರೂ ನಗಲಿಲ್ಲ. ನಂಗೇನೂ ಗೊತ್ತಿಲ್ಲ ಅಂದುಬಿಟ್ಟೆ.

ಸೋಮವಾರ ಸ್ಕೂಲಿನಲ್ಲಿ ಮೀಟಿಂಗು. ವಿಭಾಳನ್ನು ಹಿಂದುಳಿದ ಮಕ್ಕಳ ಬೇರೆ ಕ್ಲಾಸಿಗೆ ಹಾಕೋದೋ ಬೇಡವೋ ಅಲ್ಲೇ ತೀರ್ಮಾನ. ಹೇಮಶ್ರೀ ಎರಡು ದಿನದಿಂದ ಅನ್ನ ಮುಟ್ಟಿಲ್ಲ.

ನಿನ್ನ ಹತ್ತಿರ ಏನು ಮುಚ್ಚುಮರೆ. ಮನೆ ಮಂದಿಯನ್ನು ಎಣಿಸಬಾರದು, ಎಣಿಸಿದರೆ ಒಬ್ಬರು ಕಮ್ಮಿಯಾಗ್ತಾರೆ ಅಂತ ಅವ್ವ ನಮ್ಮ ಕೈ ಮೇಲೆ ಹೊಡೀತಿರಲಿಲ್ಲವೇ? ಊಟಕ್ಕೆ ಕೂತವರನ್ನು ವಿಭಾ ಬೆರಳು ತೋರಿಸಿ ಎಣಿಸೋಳು. ಬೇಡ ಕಣೇ ಅಂದೆ. ಅಷ್ಟೇ ಅಂದದ್ದು. ಸೋಮವಾರ ಬಾಯಿ ಬಿಡಬೇಕು ಅಂದುಕೊಂಡಿದ್ದೀನಿ. ಬಿಟ್ಟರೆ ನವೀನ ಮಾರನೇ ದಿನವೇ ನನ್ನ ಟಿಕೀಟು ತೆಗೀತಾನೆ, ಕೂಸಿನ ಮುಖ ಮತ್ತೆ ನೋಡೋ ಹಾಗಿಲ್ಲ.

ಇಂತಿ ನಿನ್ನ ಅಕ್ಕ,
ದೊಡ್ಡತಾಯಮ್ಮ

ಮರೆತಿದ್ದು: ಅಷ್ಟೇ ಅಂದೆ ಅಂತ ಬರೆದದ್ದು ಸುಳ್ಳು. ಯುಗಾದಿ ದಿನ ವಿಭಾ ಹೇಮಶ್ರೀ ಹೊಟ್ಟೆ ಮುಟ್ಟಿ, ಪಾಪು ಸೇರಿ ನಾವು ಐದು ಜನ ಅಂತ ಎಣಿಸಿದಳು. ಆ ವಾರವೇ ಬಸಿರು ಹೋಯಿತು. ನೀನು ಎಣಿಸಿದ್ದಕ್ಕೇ ಪಾಪು ಹೋಯಿತು ಅಂದುಬಿಟ್ಟೆ ಕಣೇ, ಕೂಸಿಗೆ. ನಾಳೆ ಜರ್ಮನಿಯಮ್ಮ ಮತ್ತೆ ಬರ್ತಾಳಂತೆ, ಕನ್ನಡ ಬಲ್ಲವರೊಬ್ಬರನ್ನು ಕರ್ಕೊಂಡು. ಕೂಸಿನ ಹತ್ತಿರ ಅಲ್ಲ, ನನ್ನೊಬ್ಬಳ ಹತ್ತಿರ ಮಾತಾಡಬೇಕಂತೆ.