ಹಿತ್ತಲಿನ ಒಂದು ಗಜ ನೆಲ

೨೨ ನವೆಂಬರ್ ೧೯೫೩, ಭಾನುವಾರ. ಶಹಾಬಾದ

ಬೆಳಗಿನ ಗಾಡಿಗೆ ಸೂಗಮ್ಮ ಬಂದಳು. ನಿವೃತ್ತಿಗೆ ಮುನ್ನ ನಾನು ಕಲಿಸಿದ ಕೊನೆಯ ತರಗತಿಯವಳು. ಈಗ ಕಲಬುರ್ಗಿಯಲ್ಲಿ ಕಾಲೇಜು. ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಸುತ್ತಿದ ಚೌಕ ಅವಳದೇ. ಅದರೊಳಗೆ ಬೆಳೆದದ್ದನ್ನು ವಾರವಾರವೂ ನೋಡಿ ಬರೆಯಬೇಕು. ಈ ಪಾಠಕ್ಕೆ ಇಕಾಲಜಿ ಎನ್ನುತ್ತಾರಂತೆ. ಕನ್ನಡದಲ್ಲಿ ಏನೆನ್ನುವೆ ಎಂದೆ.

"ಹೆಸರಿಲ್ರಿ ಅಕ್ಕೋರ. ನೀವೇ ಇಡ್ರಿ."

ಜೀವನೆಲೆಶಾಸ್ತ್ರ ಎಂದೆ. ಬರೆದುಕೊಂಡಳು. ಉಂಡು ಹೋದಳು. ಈಚೆಗೆ ಶನಿವಾರವೇ ಕಾಳು ನೆನೆಹಾಕುತ್ತೇನೆ.

೧೩ ಡಿಸೆಂಬರ್, ಭಾನುವಾರ

ಚೌಕದಲ್ಲಿ ಕಿರಕಸಾಲಿ ಸೊಪ್ಪು ಹಬ್ಬಿದೆ, ಗೋಳಿ ಸೊಪ್ಪನ್ನು ಒತ್ತುತ್ತಿದೆ. ನೀರು ಹಾಕಲೇ ಎಂದೆ.

"ಏನೂ ಮಾಡಬ್ಯಾಡ್ರಿ. ತಾನಾಗೇ ಯಾವ್ದು ಉಳೀತದ, ಯಾವ್ದು ಹೋಗ್ತದ, ಅದೇ ನೋಡೂದದ."

ಗೋಡೆಯಾಚೆಯಿಂದ ನೆರೆಮನೆಯ ಚಂದಮ್ಮ: "ಕಸಕ್ಕ ಕಾವಲ ಕುಂತೀರೇನ್ರಿ ಅಕ್ಕೋರ? ನಮ್ಮ ಹಿತ್ತಲದಾಗ ಇನ್ನೂ ಭಾಳ ಅದ, ಅದನ್ನೂ ಕಾಯ್ರಿ."

'ಕುಳಿತಿದ್ದೀರಾ' ಎನ್ನಬೇಕು ಎಂದು ತಿದ್ದಿದೆ. ಸೂಗಮ್ಮ ಸೆರಗಿನ ಮರೆಯಲ್ಲಿ ನಕ್ಕಳು.

೫ ಜನವರಿ ೧೯೫೪, ಎಳ್ಳಮಾವಾಸ್ಯೆ

ಗುಡಿಯಿಂದ ಬರುವಷ್ಟರಲ್ಲಿ ಚಂದಮ್ಮ ಕಟ್ಟೆಯ ಮೇಲೆ — ಸಜ್ಜೆ ರೊಟ್ಟಿ, ಬಟ್ಟಲು ತುಂಬ ಭಜ್ಜಿ. ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ್ದು. ರುಚಿಯಾಗಿದೆ ಎಂದೆ. ನಿಜವಾಗಿಯೂ ರುಚಿಯಾಗಿತ್ತು.

"ಭಜ್ಜಿಗಿ ನಮೂನಿ ಹೆಚ್ಚಾದಷ್ಟೂ ಚಲೋ ಅಲ್ರಿ? ನಮ್ಮ ಹಿತ್ತಲದ ಸೊಪ್ಪು ಹಾಕಿದ್ರೂ ಕಮ್ಮಿ ಬಿತ್ತು. ನಿಮ್ಮ ಹಗ್ಗದಾಗಿಂದು ಎಲ್ಲಾ ಕಿತ್ಕೊಂಡೆ. ಇಷ್ಟ ದಿನ ಜ್ವಾಪಾನ ಮಾಡಿದ್ದು ಹಬ್ಬಕ್ಕೇ ಅಂತ ತಿಳದೆ."

ತುತ್ತು ಬಾಯಲ್ಲಿತ್ತು... ನುಂಗಿದೆ.

೧೦ ಜನವರಿ, ಭಾನುವಾರ

ಸೂಗಮ್ಮ ಬರಿ ಮಣ್ಣು ನೋಡಿ, ಭಜ್ಜಿಯ ಕಥೆ ಕೇಳಿ ಮೊದಲು ನಕ್ಕಳು. ಆಮೇಲೆ ಗೂಟ ಕಿತ್ತು ಹಗ್ಗ ಸುತ್ತಿಕೊಂಡಳು. ಜನರ ಕೈ ತಾಗದ ಜಾಗ ಬೇಕೆಂದು ಅಧ್ಯಾಪಕರ ಕಟ್ಟಪ್ಪಣೆ. ಚಿತ್ತಾಪುರದಲ್ಲಿ ಅವಳ ಸೋದರಮಾವನ ಬೀಳು ಹೊಲವಿದೆ. ಇನ್ನು ಭಾನುವಾರ ಅಲ್ಲಿಗೆ. ನಿಯಮವೆಂದರೆ ನಿಯಮ. ನಾನಾದರೂ ಹಾಗೆಯೇ ಹೇಳುತ್ತಿದ್ದೆ.

ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಳು. "ಮತ್ತೇನ್ರಿ ಅಕ್ಕೋರ?" ಕಾದಳು.

"ಅಭ್ಯಾಸದಲ್ಲಿ ಶಿಸ್ತಿರಲಿ" ಎಂದೆ.

ಹೇಳಬೇಕೆಂದಿದ್ದು ಅದಲ್ಲ.

೩೧ ಜನವರಿ, ಭಾನುವಾರ

ಗಾಡಿ ಬಂತು, ಹೋಯಿತು. ಚಂದಮ್ಮ ಗೋಡೆಯ ಬಳಿ ನಿಂತೇ ಇದ್ದಳು.

"ಆ ಹುಡುಗಿ ಬರವಲ್ಲಳಲ್ರಿ. ನನ್ನಿಂದೇನ್ರಿ?"

"ಅವಳ ಅಭ್ಯಾಸ ಈಗ ಬೇರೆಡೆ."

"ಅಭ್ಯಾಸ ಹ್ವಾದ್ರ ಹೋಗ್ಲಿ. ಉಣ್ಣಾಕ ಕರೀರಿ. ಊರ ಹುಡುಗ್ರಿಗೆಲ್ಲ ಅಕ್ಷರ ಕಲಿಸೀರಿ, ಎರಡು ಸಾಲು ಬರೀಲಿಕ್ಕ ಆಗಂಗಿಲ್ಲೇನ್ರಿ?"

ತಿದ್ದಲಿಲ್ಲ. ಒಳಗೆ ಬಂದು ಕುಳಿತೆ. ಕಾರಣವಿಲ್ಲದೆ ಯಾರನ್ನೂ ಮನೆಗೆ ಕರೆದವಳಲ್ಲ. ಅಂಚೆ ಕಾರ್ಡು ಕೆಡಿಸುವುದು ಬೇಡ. ಮೊದಲು ಇಲ್ಲಿಯೇ ಕರಡು.

ಚಿ. ಸೌ. ಸೂಗಮ್ಮ — ಅಲ್ಲ, ಮದುವೆಯಾಗಿಲ್ಲ.

ಚಿ. ಸೂಗಮ್ಮನಿಗೆ ಆಶೀರ್ವಾದ. ಬರುವ ಭಾನುವಾರ ಮನೆಗೆ ಬಾ. ಏಕೆಂದರೆ...